ಮಾತಾಡುವ ಮುನ್ನ ಒಂದು ಪರೀಕ್ಷೆ

ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೊ, ನಾವೆಲ್ಲ ವಾಕಿಟಾಕಿ ಎಂದು ಕರೆಯುವ ಯಂತ್ರ, ಇಂದು ಲಂಡನ್ನಿನಲ್ಲಿ ಇಪ್ಪತ್ತೈದು ಮೂವತ್ತು ಪೌಂಡಿಗೆ ಸಿಗುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಒಂದೆರಡು ದಿನದಲ್ಲಿ ವೆಂಬ್ಲಿಯ ಮನೆಬಾಗಿಲಿಗೆ ಬಂದು ಬೀಳುತ್ತದೆ. ಕೊಳ್ಳುವಾಗ ಯಾರೂ ಪರವಾನಗಿ ಕೇಳುವುದಿಲ್ಲ. ಮನೆಯಲ್ಲಿಟ್ಟುಕೊಂಡು ರೇಡಿಯೊ ಹವ್ಯಾಸಿಗಳ ಮಾತು ಕೇಳಿಸಿಕೊಂಡರೂ ತಪ್ಪಿಲ್ಲ. ಆದರೆ ಅದರ ಪಕ್ಕದಲ್ಲಿರುವ ಗುಂಡಿಯನ್ನು ಒತ್ತಿ ಮಾತಾಡಿದ ಕೂಡಲೇ ಕಾನೂನು ಎದುರಿಗೆ ಬಂದು ನಿಲ್ಲುತ್ತದೆ. ಬ್ರಿಟನ್ನಿನ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆಯದ ಪ್ರೇಷಕವನ್ನು ಪರವಾನಗಿ ಇಲ್ಲದೆ ಬಳಸುವುದು ಅಪರಾಧ. ಪರವಾನಗಿ ಬೇಕೆಂದರೆ ಪರೀಕ್ಷೆ ಬರೆಯಬೇಕು.

ಈ ಪರೀಕ್ಷೆ ಬೇಕೆ ಎಂಬುದು ಸಹಜವಾದ ಪ್ರಶ್ನೆ. ಜೇಬಿನಲ್ಲಿರುವ ಮೊಬೈಲು ಬೆಂಗಳೂರಿನ ಅಮ್ಮನ ಮುಖವನ್ನೇ ತೋರಿಸುತ್ತಿರುವಾಗ, ನಾಲ್ಕು ಕಿಲೋಮೀಟರ್ ಆಚೆಯ ಅಪರಿಚಿತನ ಗೊರಗೊರ ದನಿ ಕೇಳಲು ಯಾರಾದರೂ ಪುಸ್ತಕ ಓದಿ ಪರೀಕ್ಷೆಗೆ ಕೂರುತ್ತಾರೆಯೆ? ಕೂರಬೇಕು ಎಂಬುದು ನನ್ನ ವಾದ. ಹವ್ಯಾಸಿ ರೇಡಿಯೊದ ನಿಜವಾದ ಬೆಲೆ ಇರುವುದು ಯಂತ್ರದಲ್ಲಲ್ಲ, ಆ ಪರೀಕ್ಷೆಯಲ್ಲಿ ಮತ್ತು ಅದು ಹೊರಿಸುವ ಹೊಣೆಯಲ್ಲಿ. ಈ ಊರಿನ ಕನ್ನಡ ಕುಟುಂಬಗಳು, ಅದರಲ್ಲೂ ಮಕ್ಕಳು, ಅದನ್ನು ಬಿಟ್ಟುಕೊಡಬಾರದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಎಲ್ಲ ವಾಕಿಟಾಕಿಗೂ ಪರವಾನಗಿ ಬೇಕಿಲ್ಲ. ಪಿಎಂಆರ್446 ಎಂಬ ವರ್ಗದ ಸಣ್ಣ ರೇಡಿಯೊಗಳು 446 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅರ್ಧ ವ್ಯಾಟ್ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಅವುಗಳ ಆಂಟೆನಾ ಕಳಚಲು ಬರುವುದಿಲ್ಲ. ಯಾರು ಬೇಕಾದರೂ ಬಳಸಬಹುದು. 27 ಮೆಗಾಹರ್ಟ್ಸಿನ ಸಿಟಿಜನ್ಸ್ ಬ್ಯಾಂಡ್ ಕೂಡ ಈಗ ಮುಕ್ತ. ಅದಕ್ಕೊಂದು ಸ್ವಾರಸ್ಯದ ಚರಿತ್ರೆಯಿದೆ: 1970ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಕದ್ದು ತಂದ ಸೆಟ್ಟುಗಳನ್ನು ಲಾರಿ ಚಾಲಕರೂ ಹುಡುಗರೂ ರಾಜಾರೋಷವಾಗಿ ಬಳಸತೊಡಗಿದಾಗ ಸರ್ಕಾರ ಮಣಿದು, 1981ರ ನವೆಂಬರ್ 2ರಂದು ಅದನ್ನು ಕಾನೂನುಬದ್ಧಗೊಳಿಸಿತು. 2006ರಲ್ಲಿ ಪರವಾನಗಿಯನ್ನೂ ತೆಗೆದುಹಾಕಿತು. 90,000 ಜನ ಸೇರುವ ವೆಂಬ್ಲಿ ಸ್ಟೇಡಿಯಂನಿಂದ ಹೊರಬರುವಾಗ ಮಕ್ಕಳು ಕೈತಪ್ಪದಿರಲಿ ಎಂಬುದಷ್ಟೇ ನಿಮ್ಮ ಅಗತ್ಯವಾದರೆ ಒಂದು ಜೋಡಿ ಪಿಎಂಆರ್446 ಕೊಳ್ಳಿ, ಸಾಕು. ಅದಕ್ಕಾಗಿ ಪರೀಕ್ಷೆ ಬರೆಯುವುದು ವ್ಯರ್ಥ. ಇನ್ನೊಂದು ಎಚ್ಚರಿಕೆ: ಆಂಟೆನಾ ಬದಲಿಸಬಹುದಾದ, ನಾಲ್ಕೈದು ವ್ಯಾಟಿನ ಅಗ್ಗದ ಚೀನೀ ಸೆಟ್ಟನ್ನು 446ಕ್ಕೆ ತಿರುಗಿಸಿಕೊಂಡು ಮಾತಾಡುವುದು ಕಾನೂನುಬಾಹಿರ. ಅನೇಕರಿಗೆ ಇದು ತಿಳಿದಿಲ್ಲ.

ಹವ್ಯಾಸಿ ಪರವಾನಗಿ ಬೇರೆಯೇ ಜಾತಿಯದು. ಇಲ್ಲಿ ರಾಜ್ಯ ನಿಮ್ಮ ಯಂತ್ರವನ್ನು ನೋಡುವುದಿಲ್ಲ, ನಿಮ್ಮನ್ನು ನೋಡುತ್ತದೆ. ಮೊಬೈಲು, ಪಿಎಂಆರ್446, ವೈಫೈ, ಇವೆಲ್ಲದರಲ್ಲಿ ಕಾರ್ಖಾನೆಯಲ್ಲೇ ಯಂತ್ರದ ಕೈಕಾಲು ಕಟ್ಟಿರುತ್ತಾರೆ; ಬಳಸುವವನಿಗೆ ಏನೂ ತಿಳಿದಿರಬೇಕಾಗಿಲ್ಲ. ಹವ್ಯಾಸಿಗೆ ಮಾತ್ರ ಪ್ರೇಷಕವನ್ನು ತಾನೇ ಕಟ್ಟುವ, ಬಿಚ್ಚುವ, ಆಂಟೆನಾ ಬದಲಿಸುವ, ಮಿತಿಯೊಳಗೆ ಎಷ್ಟು ಶಕ್ತಿ ಬೇಕೆಂದು ತಾನೇ ತೀರ್ಮಾನಿಸುವ ಸ್ವಾತಂತ್ರ್ಯವಿದೆ. ಬದಲಿಗೆ ಕೇಳುವುದು ಒಂದನ್ನೇ: ಏನು ಮಾಡುತ್ತಿದ್ದೀಯೆಂದು ನಿನಗೆ ತಿಳಿದಿರಲಿ. ಒಬ್ಬ ಸಾಮಾನ್ಯ ಮನುಷ್ಯನ ಮೇಲೆ ಆಧುನಿಕ ರಾಜ್ಯ ಇಷ್ಟು ತಾಂತ್ರಿಕ ವಿಶ್ವಾಸ ಇಡುವ ಉದಾಹರಣೆ ಇನ್ನೊಂದು ನನಗೆ ಕಾಣುವುದಿಲ್ಲ.

ಆ ವಿಶ್ವಾಸ ಎಂಥ ಫಲ ಕೊಟ್ಟಿತೆಂದು ನೋಡಲು ವೆಂಬ್ಲಿಯಿಂದ ಬಹಳ ದೂರ ಹೋಗಬೇಕಾಗಿಲ್ಲ. 1924ರ ಏಪ್ರಿಲ್ 23ರಂದು ವೆಂಬ್ಲಿ ಸ್ಟೇಡಿಯಂನಲ್ಲಿ ಐದನೇ ಜಾರ್ಜ್ ದೊರೆ ಬ್ರಿಟಿಷ್ ಸಾಮ್ರಾಜ್ಯದ ವಸ್ತುಪ್ರದರ್ಶನವನ್ನು ಉದ್ಘಾಟಿಸಿದ. ಬಿಬಿಸಿ ಆ ಭಾಷಣವನ್ನು ಬಿತ್ತರಿಸಿತು. ದೊರೆಯ ದನಿ ರೇಡಿಯೊದಲ್ಲಿ ಜನರಿಗೆ ಕೇಳಿದ್ದು ಅದೇ ಮೊದಲು. ಅದಾಗಿ ಆರು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 18ರಂದು, ವೆಂಬ್ಲಿಗೆ ಕೆಲವೇ ಮೈಲಿ ದೂರದ ಮಿಲ್ ಹಿಲ್ ಶಾಲೆಯಿಂದ ಸೆಸಿಲ್ ಗಾಯ್ಡರ್ ಎಂಬ ಹದಿನೆಂಟರ ಹುಡುಗ ಮೋರ್ಸ್ ಸಂಕೇತದಲ್ಲಿ ಕಳಿಸಿದ ಸಂದೇಶಕ್ಕೆ ನ್ಯೂಜಿಲೆಂಡಿನಿಂದ ಉತ್ತರ ಬಂತು. ಉತ್ತರಿಸಿದವನು ಒಟಾಗೊ ಪ್ರಾಂತದ ಶಾಗ್ ವ್ಯಾಲಿಯಲ್ಲಿ ಕುರಿ ಸಾಕುತ್ತಿದ್ದ ಮನೆತನದ ಫ್ರಾಂಕ್ ಬೆಲ್. ಭೂಮಿಯ ಹೆಚ್ಚುಕಡಿಮೆ ವಿರುದ್ಧ ತುದಿಗಳಲ್ಲಿದ್ದ ಇಬ್ಬರು ಹವ್ಯಾಸಿಗಳ ನಡುವೆ, 18,000 ಕಿಲೋಮೀಟರಿಗೂ ಹೆಚ್ಚು ದೂರ, ಎರಡೂ ಕಡೆಯಿಂದ ಸಂದೇಶ ಹರಿದಾಡಿತು. ಬ್ರಿಟನ್ ಮತ್ತು ನ್ಯೂಜಿಲೆಂಡ್ ನಡುವಿನ ಮೊದಲ ದ್ವಿಮುಖ ರೇಡಿಯೊ ಸಂಪರ್ಕ ಅದು. ವೆಂಬ್ಲಿಯಲ್ಲಿ ಸಾಮ್ರಾಜ್ಯ ತನ್ನ ವೈಭವವನ್ನು ಕಲ್ಲುಕಾಂಕ್ರೀಟಿನಲ್ಲಿ ಮೆರೆಸುತ್ತಿದ್ದ ವರ್ಷದಲ್ಲೇ ಪಕ್ಕದ ಶಾಲೆಯ ಹುಡುಗನೊಬ್ಬ ಆ ಸಾಮ್ರಾಜ್ಯದ ಆಚೆ ತುದಿಯನ್ನು ತನ್ನ ಕೈಯಾರೆ ಮುಟ್ಟಿದ್ದ.

ಇದು ಹೇಗೆ ಸಾಧ್ಯವಾಯಿತು ಎಂಬುದು ಮುಖ್ಯ. ಆ ಕಾಲದಲ್ಲಿ ಸರ್ಕಾರಗಳೂ ದೊಡ್ಡ ಕಂಪನಿಗಳೂ ದೂರದ ಸಂಪರ್ಕಕ್ಕೆ ಬಹುಮಟ್ಟಿಗೆ ಉದ್ದದ ತರಂಗಗಳನ್ನು, ಭಾರೀ ಗೋಪುರಗಳನ್ನು ನಂಬಿದ್ದವು. 200 ಮೀಟರಿಗಿಂತ ಗಿಡ್ಡವಾದ ತರಂಗಗಳು ಬೆಳೆ ಬಾರದ ಬರಡು ಹೊಲವೆಂದು ತಿಳಿದು ಹವ್ಯಾಸಿಗಳ ಕಡೆ ತಳ್ಳಿದ್ದವು. ಆ ಹೊಲದಲ್ಲೇ ಹವ್ಯಾಸಿಗಳು ಬೆಳೆ ತೆಗೆದರು. ಮಾರ್ಕೋನಿಯ ಕಂಪನಿಯೂ ಅದೇ ಹೊತ್ತಿಗೆ ಗಿಡ್ಡ ತರಂಗಗಳ ಪ್ರಯೋಗದಲ್ಲಿ ತೊಡಗಿತ್ತು ನಿಜ. ಆದರೆ ಅಲ್ಪ ಶಕ್ತಿಯಲ್ಲಿ, ಸ್ವಂತ ಕೈಗೆಲಸದಲ್ಲಿ ಆ ತರಂಗಗಳು ಭೂಮಿಯನ್ನೇ ಸುತ್ತಬಲ್ಲವೆಂದು ತೋರಿಸಿಕೊಟ್ಟವರಲ್ಲಿ ಶಾಲಾ ಹುಡುಗನೂ ಕುರಿಗಾಹಿ ಮನೆತನದವನೂ ಇದ್ದರು. ಫ್ರಾಂಕನ ಅಕ್ಕ ಬ್ರೆಂಡಾ ಬೆಲ್ ಮುಂದೆ ಆ ಕೇಂದ್ರವನ್ನು ತಾನೇ ವಹಿಸಿಕೊಂಡು, ನ್ಯೂಜಿಲೆಂಡಿನ ಮೊದಲ ಮಹಿಳಾ ಹವ್ಯಾಸಿಯಾಗಿ, 1927ರಲ್ಲಿ ದಕ್ಷಿಣ ಆಫ್ರಿಕದೊಂದಿಗೆ ಆ ದೇಶದ ಮೊದಲ ಸಂಪರ್ಕ ಸಾಧಿಸಿದಳು.

ಗಾಯ್ಡರ್‌ನ ಕಥೆ ಭಾರತದವರಿಗೆ ಇನ್ನೂ ಹತ್ತಿರದ್ದು. 1936ರಲ್ಲಿ ಅವನು ದೆಹಲಿಗೆ ಬಂದು ಆಲ್ ಇಂಡಿಯಾ ರೇಡಿಯೊದ ಮುಖ್ಯ ಎಂಜಿನಿಯರ್ ಆದ. ಹತ್ತು ವರ್ಷ ಆ ಹುದ್ದೆಯಲ್ಲಿದ್ದು ದೇಶದ ಪ್ರಸಾರ ಜಾಲವನ್ನು ಕಟ್ಟಿದವರಲ್ಲಿ ಪ್ರಮುಖನಾದ. ನಮ್ಮ ಅಜ್ಜಂದಿರು ಯುದ್ಧದ ಸುದ್ದಿ ಕೇಳಿದ ಗಿಡ್ಡ ತರಂಗದ ಕೇಂದ್ರಗಳ ಹಿಂದೆ ಮಿಲ್ ಹಿಲ್ ಶಾಲೆಯಲ್ಲಿ ಕಲಿತ ಆ ಕೈಗಳಿದ್ದವು. ಅವನು ಬರುವುದಕ್ಕೆ ಒಂದು ವರ್ಷ ಮೊದಲೇ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ಬಾನುಲಿ ಕೇಂದ್ರ ಆರಂಭಿಸಿದ್ದರು. ಅವರೂ ಲಂಡನ್ನಿನಲ್ಲಿ ಓದಿ ಬಂದವರು. ಅವರದು ಪ್ರಸಾರ, ಹವ್ಯಾಸಿಯ ದ್ವಿಮುಖ ಮಾತಲ್ಲ. ಎರಡನ್ನೂ ಒಂದೇ ಎನ್ನಲಾಗದು. ಆದರೂ ಆ 30 ವ್ಯಾಟ್ ಎಂಬ ಅಂಕಿಯನ್ನು ನೆನಪಿಡಬೇಕು. ಇಂದು ಬ್ರಿಟನ್ನಿನಲ್ಲಿ ಮೊದಲ ಮೆಟ್ಟಿಲಿನ ಫೌಂಡೇಶನ್ ಪರವಾನಗಿ ಪಡೆದ ಹುಡುಗಿಗೆ ಸಿಗುವುದು 25 ವ್ಯಾಟ್. 2024ರ ಫೆಬ್ರವರಿಯವರೆಗೆ ಅದು ಹತ್ತೇ ವ್ಯಾಟ್ ಇತ್ತು. ಕರ್ನಾಟಕದ ಬಾನುಲಿ ಚರಿತ್ರೆ ಶುರುವಾದದ್ದು ಹೆಚ್ಚುಕಡಿಮೆ ಅಷ್ಟೇ ಶಕ್ತಿಯಿಂದ, ಒಂದು ಮನೆಯಿಂದ, ತನಗೆ ಸಂಬಂಧವಿಲ್ಲದ ವಿದ್ಯೆಯನ್ನು ಕುತೂಹಲದಿಂದ ಕಲಿತ ಒಬ್ಬ ಮೇಷ್ಟ್ರಿಂದ.

ವೆಂಬ್ಲಿಯ ಒಳಗೇ ಇನ್ನೊಂದು ಸಾಕ್ಷಿಯಿದೆ. ಈಸ್ಟ್ ಲೇನಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯವಿತ್ತು. 1923ರಲ್ಲಿ ವಿಧ್ಯುಕ್ತವಾಗಿ ತೆರೆದದ್ದು. ಅಲ್ಲಿ ಕೆಲಸ ಮಾಡಿದ ಎರಿಕ್ ಮೆಗಾ, ಬೆಲ್‌ಫಾಸ್ಟಿನಲ್ಲಿ ಎಳೆಯ ವಯಸ್ಸಿನಲ್ಲೇ ಹವ್ಯಾಸಿ ರೇಡಿಯೊದ ಹುಚ್ಚು ಹಿಡಿಸಿಕೊಂಡಿದ್ದವನು. 1940ರ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸಾಧನವನ್ನು ಮಾಡಿ ತೋರಿಸಿದ್ದರು. ಅದು ಪ್ರಯೋಗಾಲಯದ ಮೇಜಿನ ಮೇಲಿನ ವಸ್ತು, ನಿರ್ವಾತ ಪಂಪಿಗೆ ಅಂಟಿಕೊಂಡೇ ಇರಬೇಕಿತ್ತು. ಅದನ್ನು ಬಿಗಿಯಾಗಿ ಮುಚ್ಚಿ, ಹಗುರಗೊಳಿಸಿ, ವಿಮಾನದಲ್ಲಿ ಕೂರಿಸಬಹುದಾದ ಕೊಳವೆಯಾಗಿಸಿದ್ದು ವೆಂಬ್ಲಿಯಲ್ಲಿ ಮೆಗಾ. ಆ ವರ್ಷದ ಶರತ್ಕಾಲದಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಟಿಜಾರ್ಡ್ ನಿಯೋಗ ಅಮೆರಿಕಕ್ಕೆ ಕೊಂಡೊಯ್ದದ್ದು ವೆಂಬ್ಲಿಯಲ್ಲಿ ಮಾಡಿದ ಕೊಳವೆಯನ್ನೇ. ಯುದ್ಧದ ರೇಡಾರ್‌ಗೆ ಅದು ಕಣ್ಣು ಕೊಟ್ಟಿತು. ಇಂದು ನಮ್ಮ ಅಡುಗೆಮನೆಯ ಮೈಕ್ರೊವೇವ್ ಒಲೆಯಲ್ಲಿರುವುದೂ ಅದೇ ವಂಶದ ಮ್ಯಾಗ್ನೆಟ್ರಾನ್. ಈಸ್ಟ್ ಲೇನಿನ ಆ ಪ್ರಯೋಗಾಲಯ ಈಗ ಇಲ್ಲ. ಆ ದಾರಿಯಲ್ಲಿ ನಡೆದುಹೋಗುವ ನಮ್ಮ ಮಕ್ಕಳಿಗೆ ಅದು ಅಲ್ಲಿತ್ತೆಂಬುದಾದರೂ ತಿಳಿದಿರಬೇಕು.

ಗಾಯ್ಡರ್, ಮೆಗಾ ಇಬ್ಬರೂ ಮಹಾ ಪ್ರತಿಭಾವಂತರು, ಪರವಾನಗಿ ಇಲ್ಲದಿದ್ದರೂ ಬೆಳೆಯುತ್ತಿದ್ದರು ಎನ್ನಬಹುದು. ಒಪ್ಪುತ್ತೇನೆ. ಆದರೆ ನನ್ನ ವಾದ ಪ್ರತಿಭಾವಂತರ ಕುರಿತದ್ದಲ್ಲ. ಹದಿನೆಂಟು ದಾಟದವನಿಗೂ ಪ್ರೇಷಕ ಹಿಡಿಯಲು ಅನುಮತಿ ಕೊಡುವ ಏರ್ಪಾಡು ಇದ್ದುದರಿಂದ ಪ್ರತಿಭೆಗೆ ಕೆಲಸ ಸಿಕ್ಕಿತು ಎಂಬುದಷ್ಟೇ ನಾನು ಹೇಳುತ್ತಿರುವುದು. ಬ್ರಿಟನ್ನಿನ ಹವ್ಯಾಸಿಗಳ ಸಂಸ್ಥೆಯಾದ ರೇಡಿಯೊ ಸೊಸೈಟಿ ಆಫ್ ಗ್ರೇಟ್ ಬ್ರಿಟನ್ 1913ರಲ್ಲಿ ಲಂಡನ್ ವೈರ್‌ಲೆಸ್ ಕ್ಲಬ್ ಎಂಬ ಹೆಸರಿನಲ್ಲಿ ಹುಟ್ಟಿದ್ದು. ಆ ಏರ್ಪಾಡನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕಾದುಕೊಂಡು ಬಂದದ್ದರಲ್ಲಿ ಅದರ ಪಾಲು ದೊಡ್ಡದು.

ಇನ್ನು ಪರೀಕ್ಷೆಯ ವಿಷಯ. ಫೌಂಡೇಶನ್ ಪರೀಕ್ಷೆಯಲ್ಲಿ 26 ಪ್ರಶ್ನೆ, ಬಹು ಆಯ್ಕೆಯವು. 19 ಸರಿಯಾದರೆ ಪಾಸು. ಒಂದು ಗಂಟೆ ಸಮಯ. 2020ರಿಂದ ಮನೆಯಲ್ಲೇ ಕುಳಿತು, ಕ್ಯಾಮೆರಾದ ನಿಗಾದಲ್ಲಿ ಬರೆಯುವ ಅವಕಾಶ ಬಂದಿದೆ. ಮೋರ್ಸ್ ಕಲಿಯಬೇಕೆಂಬ ಷರತ್ತು 2003ರಲ್ಲೇ ಹೋಯಿತು. ಪಾಸಾದವರಿಗೆ ಸಂವಹನ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಜೀವಿತಾವಧಿಯ ಪರವಾನಗಿ ಕೊಡುತ್ತದೆ; ಐದು ವರ್ಷಕ್ಕೊಮ್ಮೆ ವಿವರ ಸರಿಯಿದೆಯೆಂದು ದೃಢಪಡಿಸಿದರಾಯಿತು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಹೊಸ ಫೌಂಡೇಶನ್ ಪರವಾನಗಿದಾರರಿಗೆ ಎಂ7 ಎಂದು ಆರಂಭವಾಗುವ, ಜಗತ್ತಿನಲ್ಲಿ ಇನ್ನೊಬ್ಬರಿಗಿಲ್ಲದ ಗುರುತಿನ ಹೆಸರು, ಅಂದರೆ ಕಾಲ್‌ಸೈನ್, ಸಿಗುತ್ತದೆ.

ಪ್ರಶ್ನೆಗಳು ಕಷ್ಟದವಲ್ಲ. ಆದರೆ ಅವು ತೆರೆಯುವ ಬಾಗಿಲುಗಳು ಸಣ್ಣವೂ ಅಲ್ಲ. ಉದಾಹರಣೆಗೆ ದೂರದ ಲೆಕ್ಕ. ಕೈಸೆಟ್ಟಿನ ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ, ಭೂಮಿ ಬಾಗಿರುವುದರಿಂದ ದಿಗಂತದಲ್ಲಿ ನಿಲ್ಲುತ್ತದೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ಸುಮಾರು ನಾಲ್ಕರಿಂದ ಗುಣಿಸಿದರೆ ಆ ದಿಗಂತ ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ. ನಿಂತ ಮನುಷ್ಯನ ಕೈಯಲ್ಲಿ, ಬಯಲಿನಲ್ಲಿ, ಸುಮಾರು ಐದು ಕಿಲೋಮೀಟರ್. ವೆಂಬ್ಲಿ ಪಾರ್ಕಿನ ಹೊಸ ಗೋಪುರಗಳ ಹತ್ತನೇ ಮಹಡಿಯಿಂದ ಇಪ್ಪತ್ತಕ್ಕೂ ಮಿಗಿಲು. ಹಾಗೆಯೇ ಈಲಿಂಗ್ ರಸ್ತೆಯ ಅಂಗಡಿಸಾಲಿನ ನಡುವೆ ನಿಂತರೆ ಇಟ್ಟಿಗೆ ಗೋಡೆಗಳು ತರಂಗವನ್ನು ನುಂಗಿ ಅದು ಒಂದೆರಡಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಿಂದ 86 ಮೀಟರ್ ಎತ್ತರದ ಬಾರ್ನ್ ಹಿಲ್ ಹತ್ತಿದರೆ ಅದೇ ಐದು ವ್ಯಾಟಿನ ಸೆಟ್ಟು ಲಂಡನ್ನಿನ ಬಹುಭಾಗವನ್ನು ಮುಟ್ಟುತ್ತದೆ. ದಿಗಂತದಾಚೆಗೆ ಹೋಗಲು ಶಕ್ತಿ ಹೆಚ್ಚಿಸಿ ಪ್ರಯೋಜನವಿಲ್ಲ, ಎತ್ತರ ಹೆಚ್ಚಿಸಬೇಕು. ಇದನ್ನು ಪುಸ್ತಕದಲ್ಲಿ ಓದಿದ ಹನ್ನೆರಡರ ಹುಡುಗಿ ಗುಡ್ಡ ಹತ್ತಿ ತಾನೇ ಪರೀಕ್ಷಿಸಿದಾಗ ವರ್ಗಮೂಲ ಎಂಬುದು ಗಣಿತದ ಪಾಠವಾಗಿ ಉಳಿಯುವುದಿಲ್ಲ. ಮೊಬೈಲು ಇಂಥದ್ದೇನನ್ನೂ ಕಲಿಸುವುದಿಲ್ಲ. ಅದು ಕೆಲಸ ಮಾಡುತ್ತದೆ ಅಥವಾ ಮಾಡುವುದಿಲ್ಲ, ಅಷ್ಟೇ.

ನಿಯಮಗಳೂ ಹೀಗೆಯೇ ಕಲಿಸುತ್ತವೆ. ಚಾರಿಂಗ್ ಕ್ರಾಸಿನಿಂದ 100 ಕಿಲೋಮೀಟರ್ ತ್ರಿಜ್ಯದೊಳಗೆ 431ರಿಂದ 432 ಮೆಗಾಹರ್ಟ್ಸ್ ಪಟ್ಟಿಯನ್ನು ಹವ್ಯಾಸಿಗಳು ಮುಟ್ಟುವಂತಿಲ್ಲ. ವೆಂಬ್ಲಿ ಪೂರ್ತಿಯಾಗಿ ಆ ವೃತ್ತದಲ್ಲಿದೆ. ಅಂದರೆ ದೇಶದ ಇತರೆಡೆ ಸರಿಯಾದದ್ದು ಇಲ್ಲಿ ತಪ್ಪಾಗಬಹುದು, ಏಕೆಂದರೆ ಆಕಾಶವನ್ನು ಬೇರೆಯವರೂ ಬಳಸುತ್ತಿದ್ದಾರೆ. ಹತ್ತು ವ್ಯಾಟಿಗಿಂತ ಹೆಚ್ಚಿನ ಪರಿಣಾಮಕಾರಿ ಶಕ್ತಿ ಹೊರಬಿಡುವವರು ಅಕ್ಕಪಕ್ಕದವರ ಮೈಮೇಲೆ ಬೀಳುವ ವಿದ್ಯುತ್ಕಾಂತೀಯ ಪ್ರಮಾಣ ಅಂತರರಾಷ್ಟ್ರೀಯ ಮಿತಿಯೊಳಗಿದೆಯೆಂದು ಲೆಕ್ಕ ಹಾಕಿಟ್ಟುಕೊಳ್ಳಬೇಕು. ನೆರೆಯವರ ಆರೋಗ್ಯದ ಲೆಕ್ಕವನ್ನು ಕೈಯಾರೆ ಬರೆಯಬೇಕಾದ ಹವ್ಯಾಸ ಬೇರೆ ಯಾವುದಿದೆ? ಈ ನಿಯಮಗಳನ್ನು ಕಿರಿಕಿರಿಯೆಂದು ಕಾಣುವವರಿದ್ದಾರೆ. ನನಗೆ ಅವು ನಾಗರಿಕತೆಯ ಪಾಠವಾಗಿ ಕಾಣುತ್ತವೆ.

ರಾಜ್ಯದ ವಿಶ್ವಾಸ ಯಾವಾಗಲೂ ಒಂದೇ ಸಮ ಇರಲಿಲ್ಲ ಎಂಬುದನ್ನು ಮರೆಯಬಾರದು. 1939ರಲ್ಲಿ ಯುದ್ಧ ಶುರುವಾಗುತ್ತಲೇ ಬ್ರಿಟನ್ನಿನಲ್ಲಿ ಹವ್ಯಾಸಿಗಳ ಪರವಾನಗಿ ಅಮಾನತಾಯಿತು, ಪ್ರೇಷಕಗಳು ಸರ್ಕಾರದ ವಶವಾದವು. ಆದರೆ ಅದೇ ಸರ್ಕಾರ ಅದೇ ಹವ್ಯಾಸಿಗಳ ಕಿವಿಯನ್ನು ನಂಬಿತು. ರೇಡಿಯೊ ಸೆಕ್ಯುರಿಟಿ ಸರ್ವಿಸ್ ಅವರನ್ನು ಸ್ವಯಂಸೇವಕರಾಗಿ ಸೇರಿಸಿಕೊಂಡು, ಜರ್ಮನ್ ಗೂಢಚಾರ ಜಾಲದ ಕ್ಷೀಣ ಮೋರ್ಸ್ ಸಂದೇಶಗಳನ್ನು ಮನೆಯಲ್ಲೇ ಕುಳಿತು ಬರೆದುಕೊಳ್ಳಲು ಹೇಳಿತು. ಅದರ ಕಚೇರಿ ಮೊದಲು ವರ್ಮ್‌ವುಡ್ ಸ್ಕ್ರಬ್ಸ್ ಜೈಲಿನಲ್ಲಿ, ಆಮೇಲೆ ಬಾರ್ನೆಟ್ ಬಳಿಯ ಆರ್ಕ್ಲಿಯಲ್ಲಿ. ಎರಡೂ ವೆಂಬ್ಲಿಗೆ ದೂರವಲ್ಲ. ಅಲ್ಲಿಂದ ಆ ಹಾಳೆಗಳು ಗುಪ್ತಲಿಪಿ ಭೇದಿಸುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿಗೆ ಹೋದವು.

ಭಾರತದಲ್ಲಿ ವಿಶ್ವಾಸದ ಅಳತೆ ಬೇರೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಳಕೆಯನ್ನಷ್ಟೇ ಅಲ್ಲ, ಯಂತ್ರ ಇಟ್ಟುಕೊಳ್ಳುವುದನ್ನೇ ಪರವಾನಗಿಗೆ ಒಳಪಡಿಸಿತು. ಹಾಡು ಕೇಳುವ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯರಿಗೆಲ್ಲ ನೆನಪಿರುತ್ತದೆ. 1980ರ ದಶಕದಲ್ಲಿ ಅದು ಹೋಯಿತು. ಪ್ರೇಷಕದ ಮೇಲಿನ ಬಿಗಿ ಹೋಗಲಿಲ್ಲ. ಅದಕ್ಕೇ ವೆಂಬ್ಲಿಯ ಹವ್ಯಾಸಿಗಳಿಗೆ ಒಂದು ಸ್ಪಷ್ಟ ಮಾತು: ಇಲ್ಲಿನ ಕಾಲ್‌ಸೈನ್ ನಂಬಿಕೊಂಡು ಕೈಸೆಟ್ಟನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಬೇಡಿ. ಯುರೋಪಿನ ಬಹುತೇಕ ದೇಶಗಳಲ್ಲಿ ಇಲ್ಲಿನ ಪೂರ್ಣ ಪರವಾನಗಿಗೆ ಪರಸ್ಪರ ಮಾನ್ಯತೆ ಇದೆ. ಭಾರತ ಆ ಒಪ್ಪಂದದಲ್ಲಿಲ್ಲ. ಮುಂಚಿತವಾಗಿ ಅಲ್ಲಿನ ಅನುಮತಿ ಪಡೆಯಲೇಬೇಕು.

ಇಷ್ಟು ಬಿಗಿಯ ನಡುವೆಯೂ ಬೆಂಗಳೂರು ಹವ್ಯಾಸಿ ರೇಡಿಯೊದ ದೊಡ್ಡ ನೆಲೆಯಾಗಿ ಬೆಳೆಯಿತೆಂಬುದು ಹೆಮ್ಮೆಯ ಸಂಗತಿ. 2005ರ ಮೇ 5ರಂದು ಶ್ರೀಹರಿಕೋಟದಿಂದ ಹಾರಿದ ಪಿಎಸ್‌ಎಲ್‌ವಿ, ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನೂ ಒಯ್ದಿತು. ಬೆಂಗಳೂರಿನ ಇಸ್ರೊ ಕಟ್ಟಿದ, ಜಗತ್ತಿನ ಹವ್ಯಾಸಿಗಳೆಲ್ಲ ಪುಕ್ಕಟೆ ಬಳಸಬಹುದಾಗಿದ್ದ 42.5 ಕಿಲೊ ತೂಕದ ಉಪಗ್ರಹ ಅದು. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ನೆದರ್ಲೆಂಡ್ಸಿನ ವಿದ್ಯಾರ್ಥಿಯೊಬ್ಬ ಮಾಡಿಕೊಟ್ಟಿದ್ದ. 2014ರವರೆಗೆ ದುಡಿಯಿತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಮಾತಾಡಿದ್ದೂ ಹವ್ಯಾಸಿ ರೇಡಿಯೊ ಮೂಲಕವೇ. ಪರೀಕ್ಷೆ ಇರಲಿ, ಆದರೆ ಯಂತ್ರವನ್ನು ಇಟ್ಟುಕೊಂಡದ್ದೇ ಅಪರಾಧ ಎಂಬ ನೋಟವನ್ನು ಭಾರತ ಬಿಡಬೇಕು. ಕಲಿಯುವವನು ಮೊದಲು ಕೇಳಬೇಕು, ಬಿಚ್ಚಬೇಕು, ನೋಡಬೇಕು. ಬ್ರಿಟನ್ ಇದಕ್ಕೆ ಎಡೆ ಕೊಟ್ಟಿದೆ.

ಹವ್ಯಾಸಿ ರೇಡಿಯೊವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮೊದಲು ಎತ್ತುವುದು ವಿಪತ್ತಿನ ಮಾತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನ್ ಹೊರಜಗತ್ತಿನಿಂದ ಕಡಿದುಹೋದಾಗ, ಹವ್ಯಾಸಿ ಕಾರ್ಯಕ್ರಮಕ್ಕಾಗಿ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ದಿನಗಟ್ಟಲೆ ಸುದ್ದಿ ದಾಟಿಸಿದರು. 2024ರ ವಯನಾಡಿನ ಭೂಕುಸಿತದಲ್ಲೂ ಹವ್ಯಾಸಿಗಳು ಕಲ್ಪೆಟ್ಟದಿಂದ ನೆರವಾದರು. ಬ್ರಿಟನ್ನಿನಲ್ಲಿ 1953ರ ಪೂರ್ವ ಕರಾವಳಿಯ ಪ್ರವಾಹದ ನಂತರ ಹುಟ್ಟಿದ, ಹವ್ಯಾಸಿಗಳ ತುರ್ತು ಜಾಲವಾದ ರೇನೆಟ್ ಇಂದಿಗೂ ಕೆಲಸ ಮಾಡುತ್ತಿದೆ. ಇದೆಲ್ಲ ನಿಜ, ಗೌರವಕ್ಕೆ ಅರ್ಹ. ಆದರೆ ವೆಂಬ್ಲಿಯ ಮನೆಯವರಿಗೆ ಇದನ್ನೇ ಮುಖ್ಯ ಕಾರಣವಾಗಿ ಹೇಳುವುದು ಪ್ರಾಮಾಣಿಕವಲ್ಲ. ಇಲ್ಲಿ ಸುನಾಮಿ ಬರುವುದಿಲ್ಲ. ಬರಬಹುದಾದದ್ದು ಕರೆಂಟು ಹೋಗುವುದು. 2025ರ ಮಾರ್ಚ್ 20ರ ರಾತ್ರಿ ಪಶ್ಚಿಮ ಲಂಡನ್ನಿನ ನಾರ್ತ್ ಹೈಡ್ ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ಮರುದಿನ ಹೀಥ್ರೂ ವಿಮಾನ ನಿಲ್ದಾಣವೇ ಮುಚ್ಚಿತು. ಮರುತಿಂಗಳು ಸ್ಪೇನ್, ಪೋರ್ಚುಗಲ್ ಹೆಚ್ಚುಕಡಿಮೆ ಇಡಿಯಾಗಿ ಕತ್ತಲಾದವು. ತಾಮ್ರದ ತಂತಿಯ ಹಳೆಯ ದೂರವಾಣಿ ಜಾಲವನ್ನು ಬ್ರಿಟನ್ 2027ರ ಜನವರಿಯೊಳಗೆ ಮುಚ್ಚುವ ಯೋಜನೆ ಹಾಕಿಕೊಂಡಿದೆ. ಆಮೇಲೆ ಮನೆಯಲ್ಲಿ ಕರೆಂಟಿಲ್ಲದಿದ್ದರೆ ಮನೆಫೋನೂ ಇಲ್ಲ. ಅಂಥ ಒಂದು ರಾತ್ರಿ ಬ್ಯಾಟರಿ ತುಂಬಿದ ಕೈಸೆಟ್ಟು, ಅದನ್ನು ಬಳಸಬಲ್ಲ ಒಬ್ಬ ನೆರೆಯವ, ಬೀದಿಗೆ ಉಪಕಾರಿ. ಅಷ್ಟರಮಟ್ಟಿಗೆ ಮಾತ್ರ ಆ ವಾದವನ್ನು ಒಪ್ಪೋಣ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಾಲ್‌ಸೈನ್. ಹವ್ಯಾಸಿ ತನ್ನ ಕಾಲ್‌ಸೈನ್ ಹೇಳದೆ ಮಾತಾಡುವಂತಿಲ್ಲ. ಅರ್ಥ ಮರೆಮಾಚುವ ಗುಪ್ತ ಸಂಕೇತ ಬಳಸುವಂತಿಲ್ಲ. ವ್ಯಾಪಾರ ಮಾಡುವಂತಿಲ್ಲ, ಜಾಹೀರಾತು ಇಲ್ಲ. ಆಡಿದ ಮಾತನ್ನು ಯಾರು ಬೇಕಾದರೂ ಕೇಳಬಹುದು, ಆಡಿದವರು ಯಾರೆಂದು ಎಲ್ಲರಿಗೂ ಗೊತ್ತು. ಇದನ್ನು ನಮ್ಮ ಸಮುದಾಯದ ವಾಟ್ಸಾಪ್ ಗುಂಪುಗಳ ಪಕ್ಕ ಇಟ್ಟು ನೋಡಿ. ಯಾರು ಬರೆದರೋ ತಿಳಿಯದ, ಎಲ್ಲಿಂದಲೋ ಬಂದ, ಯಾರೂ ಹೊಣೆ ಹೊರದ ಮಾತು ಅಲ್ಲಿ ಹಗಲಿರುಳು ಹರಿಯುತ್ತಿದೆ. ಎದುರಿಗಿರುವವನು ಮುಗಿಸುವವರೆಗೂ ನೀವು ಮಾತಾಡಲಾಗದ, ಹೆಸರಿಲ್ಲದೆ ಬಾಯಿ ತೆರೆಯಲಾಗದ ಮಾಧ್ಯಮವೊಂದು ಮಕ್ಕಳಿಗೆ ಬಾಲ್ಯದಲ್ಲೇ ಪರಿಚಯವಾಗುವುದು ಸಣ್ಣ ಸಂಗತಿಯಲ್ಲ. ಖಾಸಗಿತನದ ಆತಂಕ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ನ್ಯಾಯವಾದದ್ದು. ಹೆಸರು ವಿಳಾಸಗಳನ್ನು ಪಟ್ಟಿಗಳಲ್ಲಿ ಪ್ರಕಟಿಸದೆ ಇರಲು ಅವಕಾಶವಿದೆ. ಮನೆ ಎಲ್ಲಿ ಎಂದು ಗಾಳಿಯಲ್ಲಿ ಹೇಳಬಾರದೆಂದು ಹೆತ್ತವರು ಮೊದಲೇ ಕಲಿಸಬೇಕು.

ಕನ್ನಡದಲ್ಲಿ ಮಾತಾಡಬಹುದೆ? ಖಂಡಿತ. ಕನ್ನಡ ಗುಪ್ತ ಸಂಕೇತವಲ್ಲ. ಕಾಲ್‌ಸೈನನ್ನು ಎಲ್ಲರಿಗೂ ತಿಳಿಯುವಂತೆ ಹೇಳಿ, ಉಳಿದದ್ದನ್ನು ಕನ್ನಡದಲ್ಲೇ ಆಡಬಹುದು. ಹ್ಯಾರೋ, ವೆಂಬ್ಲಿ, ಹೌನ್ಸ್ಲೊ, ಸ್ಲೌಗಳಲ್ಲಿ ಚದುರಿರುವ ಕನ್ನಡ ಮನೆಗಳ ನಡುವೆ ವಾರಕ್ಕೊಂದು ಸಂಜೆ 145 ಮೆಗಾಹರ್ಟ್ಸಿನಲ್ಲಿ ಕನ್ನಡ ಕೇಳಿಸುವುದನ್ನು ನಾನು ಮನಸಾರೆ ಬಯಸುತ್ತೇನೆ. ಮನೆಯಲ್ಲಿ ಇಂಗ್ಲಿಷಿಗೆ ಜಾರುವ ಮಕ್ಕಳಿಗೆ ಇಲ್ಲಿ ಕನ್ನಡ ಆಡಲು ಒಂದು ಕಾರಣ ಸಿಗುತ್ತದೆ: ಗದ್ದಲದ ನಡುವೆ ಒಂದೊಂದು ಪದವನ್ನೂ ಬಿಡಿಸಿ, ಸ್ಪಷ್ಟವಾಗಿ ಉಚ್ಚರಿಸಿದರೆ ಮಾತ್ರ ಆಚೆಯವರಿಗೆ ಅರ್ಥವಾಗುತ್ತದೆ. 2024ರ ಹೊಸ ನಿಯಮಗಳು ಪರವಾನಗಿ ಇಲ್ಲದವರಿಗೂ ಪರವಾನಗಿದಾರರ ನೇರ ಮೇಲ್ವಿಚಾರಣೆಯಲ್ಲಿ ಮಾತಾಡಲು ಎಡೆಮಾಡಿವೆ. ಮನೆಯಲ್ಲಿ ಒಬ್ಬರು ಪಾಸಾದರೆ ಊರಿನಿಂದ ಬಂದ ಅಜ್ಜಿಯೂ ಮೈಕು ಹಿಡಿಯಬಹುದು.

ತೊಡಕುಗಳಿಲ್ಲವೆಂದಲ್ಲ. ಕೈಸೆಟ್ಟು ನೇರವಾಗಿ ಬೆಂಗಳೂರಿಗೆ ತಲುಪುವುದಿಲ್ಲ. 8,000 ಕಿಲೋಮೀಟರ್ ದಾಟಲು 14 ಮೆಗಾಹರ್ಟ್ಸಿನಂಥ ಪಟ್ಟಿಗಳು, ಅಯಾನುಗೋಳದ ಕೃಪೆ, ದೊಡ್ಡ ಆಂಟೆನಾ ಬೇಕು. ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದ ಉತ್ತುಂಗ ಮುಟ್ಟಿದ್ದಾನೆಂದು ವಿಜ್ಞಾನಿಗಳು 2024ರ ಅಕ್ಟೋಬರಿನಲ್ಲಿ ಸಾರಿದರು; ಇಂಥ ವರ್ಷಗಳಲ್ಲಿ ಅಲ್ಪ ಶಕ್ತಿಯೂ ದೂರ ಹೋಗುತ್ತದೆ. ಆದರೆ ವೆಂಬ್ಲಿಯ ಫ್ಲ್ಯಾಟುಗಳ ಗುತ್ತಿಗೆ ಕರಾರುಗಳು ಹೊರಗೆ ತಂತಿ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಥವರು ಬಾರ್ನ್ ಹಿಲ್ ಹತ್ತಬೇಕು, ಇಲ್ಲವೇ ಕ್ಲಬ್ ಸೇರಬೇಕು. ಕ್ಲಬ್ಬುಗಳಲ್ಲಿ ನರೆತ ತಲೆಗಳೇ ಹೆಚ್ಚು, ನಮ್ಮವರು ಕಡಿಮೆ. ಇನ್ನೊಂದು ಹಿಂಜರಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕಂದು ಮೈಬಣ್ಣದವನು ಸ್ಟೇಡಿಯಂ ಎದುರಿನ ಗುಡ್ಡದ ಮೇಲೆ ಆಂಟೆನಾ ಹಿಡಿದು ನಿಂತರೆ ನೋಡುವವರು ಏನೆಂದುಕೊಂಡಾರು? ಆ ಅಂಜಿಕೆ ಸುಳ್ಳಲ್ಲ. ಅದಕ್ಕಿರುವ ಗಟ್ಟಿಯಾದ ಉತ್ತರ ಪರವಾನಗಿಯೇ. ಕೇಳಿದವರಿಗೆ ತೋರಿಸಬಹುದಾದ ಕಾಗದ, ದೇಶದ ಕಾನೂನು ನಿಮ್ಮ ಹೆಸರಿಗೆ ಬರೆದುಕೊಟ್ಟ ಹಕ್ಕು ಅದು. ಹಕ್ಕನ್ನು ಬಳಸದಿದ್ದರೆ ಅಂಜಿಕೆ ಕಡಿಮೆಯಾಗುವುದೂ ಇಲ್ಲ.

ಕನ್ನಡ ಬಳಗ 1983ರಿಂದ ಈ ದೇಶದಲ್ಲಿ ಯುಗಾದಿ, ದೀಪಾವಳಿಗಳನ್ನು ನಡೆಸಿಕೊಂಡು ಬಂದಿದೆ. ಅದರ ಸಭೆಗಳಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಓಮ್‌ನ ನಿಯಮವನ್ನು ಕನ್ನಡದಲ್ಲಿ ಹೇಳಿಕೊಡಬಲ್ಲವರು ಪ್ರತಿ ಸಾಲಿನಲ್ಲೂ ಕುಳಿತಿರುತ್ತಾರೆ. ಮುಂದಿನ ವರ್ಷ ಹಾಡು ಕುಣಿತಗಳ ಜೊತೆಗೆ ಎರಡು ವಾರಾಂತ್ಯದ ಒಂದು ಪಾಠವನ್ನೂ ಇಟ್ಟುಕೊಳ್ಳಲಿ. ಫೌಂಡೇಶನ್ ಪರೀಕ್ಷೆಗೆ ಕನಿಷ್ಠ ವಯಸ್ಸಿನ ಮಿತಿಯಿಲ್ಲ. ಮಕ್ಕಳನ್ನು ಕರೆತನ್ನಿ, ನೀವೂ ಅವರ ಪಕ್ಕದಲ್ಲಿ ಕುಳಿತು ಬರೆಯಿರಿ.